ಸಾಂಕ್ರಾಮಿಕ ರೋಗದ ಕಾಲದಲ್ಲಿ ಗರ್ಭಿಣಿಯರ ಆರೈಕೆ

1918ನೆಯ ಇಸವಿಯ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸೀಮೆಯಲ್ಲಿ ಹಬ್ಬಿದಾಗ ಮಂಡ್ಯ, ಮದ್ದೂರು, ಮಳವಳ್ಳಿಗಳು ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದವು. ಆ ಜ್ವರವು ಲೋಕದಲ್ಲೆಲ್ಲಾ ಗರ್ಭಿಣಿಯರನ್ನು ಹೆಚ್ಚಾಗಿ ಬಾಧಿಸಿತು. 2020ರಲ್ಲಿ ಬಂದ ಕೋವಿಡ್ ರೋಗವೂ ಹಾಗೆಯೇ ಮಾಡಿತು. ಇದಕ್ಕೆ ಕಾರಣವೇನು? ಶಿಶುವು ಬೆಳೆದಂತೆ ಗರ್ಭಕೋಶವು ಮೇಲಕ್ಕೆ ಒತ್ತುವದರಿಂದ ಶ್ವಾಸಕೋಶಗಳಿಗೆ ಸ್ಥಳವು ಕಡಿಮೆಯಾಗುತ್ತದೆ. ಆದರೂ ತಾಯಿಯು ಇಬ್ಬರಿಗಾಗಿ ಉಸಿರಾಡಬೇಕು.

ರೋಗದ ಭಯವೂ ಒಂದು ಅಪಾಯವೇ. 2020ರ ಏಪ್ರಿಲಿನಲ್ಲಿ ಮಳವಳ್ಳಿಯ ಕೆಲವು ಬೀದಿಗಳು ಮುಚ್ಚಲ್ಪಟ್ಟವು. ಆ ದಿನಗಳಲ್ಲಿ ನಮ್ಮ ದೇಶದ ಅನೇಕ ಗರ್ಭಿಣಿಯರು ಆಸ್ಪತ್ರೆಗೆ ಹೋಗಲು ಅಂಜಿ ತಪಾಸಣೆಯನ್ನು ಬಿಟ್ಟರು. ಆದರೆ ರಕ್ತಹೀನತೆಯೂ ರಕ್ತದೊತ್ತಡವೂ ಬೀದಿಯನ್ನು ಮುಚ್ಚಿದ ಮಾತ್ರಕ್ಕೆ ನಿಲ್ಲುವವಲ್ಲ.

ಆದಕಾರಣ ನಾವು ಇವುಗಳನ್ನು ಕಲಿತುಕೊಳ್ಳೋಣ. ಗರ್ಭ ನಿಂತದ್ದನ್ನು ಆಶಾ ಕಾರ್ಯಕರ್ತೆಗೆ ಬೇಗನೆ ತಿಳಿಸಬೇಕು. ಕಬ್ಬಿಣದ ಮಾತ್ರೆಯನ್ನು ತಪ್ಪಿಸಬಾರದು. ಹೆರಿಗೆಗೆ ತವರಿಗೆ ಹೋಗುವವಳು ತಾಯಿ ಕಾರ್ಡನ್ನು ಸಂಗಡ ಒಯ್ಯಬೇಕು. ಯಾಕಂದರೆ ಹೊಸ ಊರಿನ ವೈದ್ಯರಿಗೆ ಅದೇ ಅವಳ ವೃತ್ತಾಂತವನ್ನು ಹೇಳುವದು. ಲಸಿಕೆಯ ವಿಷಯದಲ್ಲಿ ನೆರೆಯವರ ಮಾತನ್ನಲ್ಲ, ವೈದ್ಯರ ಮಾತನ್ನು ಕೇಳಬೇಕು. 2021ರ ಜುಲೈಯಲ್ಲಿ ಸರಕಾರವು ಗರ್ಭಿಣಿಯರಿಗೂ ಕೋವಿಡ್ ಲಸಿಕೆಯನ್ನು ಅನುಮತಿಸಿತು.

ಉಬ್ಬಸ, ರಕ್ತಸ್ರಾವ, ತೀವ್ರ ತಲೆನೋವು, ಮುಖದ ಊತ, ಕೂಸಿನ ಮಿಸುಕಾಟ ಕಡಿಮೆಯಾಗುವದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಫೋನ್ ಮಾಡಿರಿ.

ಅತ್ತೆಯರೇ, ಗಂಡಂದಿರೇ, "ನಾಳೆ ನೋಡೋಣ" ಎನ್ನಬೇಡಿರಿ. ಈ ರಾತ್ರಿಯೇ ಮನೆಯಲ್ಲಿ ಕೇಳಿಕೊಳ್ಳಿರಿ: ಕಾರ್ಡು ಎಲ್ಲಿದೆ? ಮುಂದಿನ ತಪಾಸಣೆ ಯಾವಾಗ? ಅವಳ ಸಂಗಡ ಹೋಗುವವರು ಯಾರು?