ಕೈತೋಟಕ್ಕೆ ಬರುವ ಬೆಕ್ಕು, ಮನೆಗೆ ಬರುವ ಕೇಸು

ಬೆಕ್ಕಿನ ಕಾಟವೆಂದು ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ದೂರು ಕೊಡಬೇಕೆಂದು ಬಂದವರಲ್ಲ. ಅಷ್ಟು ಹೊತ್ತಿಗೆ ಅವರ ಮೇಲೇ ದೂರು ದಾಖಲಾಗಿರುತ್ತದೆ. ತಿಂಗಳುಗಟ್ಟಲೆ ಸಹಿಸಿಕೊಂಡವರು ಅವರು. ಸಂಜೆ ಹದ ಮಾಡಿ ಕೊತ್ತಂಬರಿ ಬಿತ್ತಿದ ಮಡಿ ಬೆಳಿಗ್ಗೆ ನೋಡಿದರೆ ಕೆದರಿಹೋಗಿರುತ್ತದೆ. ಮೆಂತ್ಯ ಸೊಪ್ಪು ಕೀಳಲು ಬಗ್ಗಿದರೆ ನಾತ. ಪಕ್ಕದ ಮನೆಯವರನ್ನು ಕೇಳಿದರೆ, ‘ಬೆಕ್ಕಲ್ವಾ, ನಾವೇನ್ ಮಾಡೋಕಾಗತ್ತೆ?’ ಎಂಬ ಉತ್ತರ. ಕೊನೆಗೊಂದು ದಿನ ತಾಳ್ಮೆ ತಪ್ಪಿ ಮೀನಿನ ತಲೆಗೆ ಇಲಿ ಪಾಷಾಣ ಸವರಿ ಇಡುತ್ತಾರೆ. ಅಲ್ಲಿಯವರೆಗೆ ನ್ಯಾಯ ಅವರ ಕಡೆಗಿತ್ತು.

ಹಾಗೆ ಮಾಡುವ ಧೈರ್ಯ ಎಲ್ಲಿಂದ ಬರುತ್ತದೆಂದು ವಿಚಾರಿಸಿದರೆ ಒಂದೇ ಉತ್ತರ: ‘ಐವತ್ತು ರೂಪಾಯಿ ದಂಡ ಅಷ್ಟೇ ಅಂದ್ರು ಸಾರ್.’ ಅಂದವರು ಠಾಣೆಯ ಎದುರು ಅರ್ಜಿ ಬರೆದುಕೊಡುವವರೋ, ‘ನನಗೆ ಒಳಗೆ ಪರಿಚಯ ಇದೆ’ ಎನ್ನುವವರೋ ಆಗಿರುತ್ತಾರೆ. ಅರ್ಧ ಸತ್ಯ ಹೇಳಿ ಪೂರ್ತಿ ಹಾಳು ಮಾಡುವುದು ಇವರಿಗೆ ಅಭ್ಯಾಸವಾಗಿಹೋಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕಲಂ 11ರಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ ಎಂದಿರುವುದು ನಿಜ. ಆದರೆ ಕಾನೂನು ಅದೊಂದೇ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 325ರ ಪ್ರಕಾರ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂಬ ಲೆಕ್ಕವಿತ್ತು. ‘ಬೀದಿ ಬೆಕ್ಕಿಗೆ ಬೆಲೆ ಎಲ್ಲಿದೆ?’ ಎಂದು ವಾದಿಸಲು ಜಾಗವಿತ್ತು. ಹೊಸ ಸಂಹಿತೆಯಲ್ಲಿ ಆ ಲೆಕ್ಕವೇ ಇಲ್ಲ. ಯಾರದೂ ಅಲ್ಲದ ಬೆಕ್ಕಿಗೆ ಈ ಕಲಂ ಅನ್ವಯಿಸುತ್ತದೆಯೇ ಎಂದು ಕೋರ್ಟಿನಲ್ಲಿ ವಾದ ಮಾಡಬಹುದು, ಮಾಡುತ್ತೇವೆ. ಆದರೆ ಎಫ್‌ಐಆರ್ ಆದಮೇಲೆ ಮಾಡುವ ವಾದ ಅದು. ಅಷ್ಟರೊಳಗೆ ವಾಯಿದೆಗಳಿಗೆ ಅಲೆದು ಚಪ್ಪಲಿ ಸವೆದಿರುತ್ತದೆ.

ಎರಡನೆಯ ದಾರಿ ಗೋಣಿಚೀಲ. ರಾತ್ರಿ ಬೆಕ್ಕನ್ನು ಹಿಡಿದು, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಸ್ಕೂಟರಿನಲ್ಲಿಟ್ಟುಕೊಂಡು ಊರಾಚೆ ಬಿಟ್ಟು ಬರುವುದು. ನಮ್ಮ ಹಿರಿಯರೂ ಮಾಡುತ್ತಿದ್ದರು, ಇದರಲ್ಲೇನು ತಪ್ಪು ಎನ್ನುತ್ತಾರೆ. ನೋವಾಗುವ ರೀತಿಯಲ್ಲಿ ಪ್ರಾಣಿಯನ್ನು ಸಾಗಿಸುವುದು ತಪ್ಪು, ಹಸಿವು ನೀರಡಿಕೆಯಿಂದ ನರಳುವಂಥ ಜಾಗದಲ್ಲಿ ಬಿಟ್ಟು ಬರುವುದು ಇನ್ನೊಂದು ತಪ್ಪು. ಎರಡೂ ಅದೇ ಕಲಂ 11ರಲ್ಲಿವೆ. ಬೆಕ್ಕು ಸಾಕಿದ್ದಾಗಿದ್ದರೆ ಕಳವಿನ ಆರೋಪವೂ ಸೇರಿಕೊಳ್ಳುತ್ತದೆ. ‘ಬೆಕ್ಕು ಹಿಡಿಯುತ್ತೇವೆ’ ಎಂದು ದುಡ್ಡು ಪಡೆದು ಹೋಗುವವರು ಮಾಡುವುದೂ ಇದನ್ನೇ. ಕಾಂಪೌಂಡಿನ ಕ್ಯಾಮೆರಾದಲ್ಲಿ ಚೀಲ ಕೈಗೆ ಕೊಡುತ್ತಾ ಕಾಣಿಸಿಕೊಳ್ಳುವವರು ನೀವು, ಅವರಲ್ಲ. ಇಷ್ಟಾದರೂ ತೋಟ ಉಳಿಯುವುದಿಲ್ಲ. ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ.

ಗಿಡದ ಬುಡದಲ್ಲಿ ನುಸಿ ಗುಳಿಗೆ ಇಡುವುದು, ಫಿನಾಯಿಲ್ ಸುರಿಯುವುದು ನಿರುಪದ್ರವಿ ಎಂದುಕೊಂಡವರು ಬಹಳ. ಎರಡೂ ಬೆಕ್ಕಿಗೆ ವಿಷ. ಬೇಕೆಂದೇ ಹಾನಿಕರ ವಸ್ತು ಉಣಿಸಿದಿರಿ ಎಂಬ ಆರೋಪಕ್ಕೆ ದಾರಿಯಾಗುತ್ತದೆ, ನಿಮ್ಮ ಸೊಪ್ಪೂ ಕೆಡುತ್ತದೆ. ಕರೆಂಟ್ ತಂತಿಯ ಮಾತಂತೂ ಬೇಡವೇ ಬೇಡ. ಹಂದಿಗೆಂದು ಎಳೆದ ತಂತಿಗೆ ಮನುಷ್ಯರು ಸಿಕ್ಕಿ ಸತ್ತಿದ್ದಾರೆ, ಎಳೆದವರು ಜೈಲು ಕಂಡಿದ್ದಾರೆ.

ಹಾಗಾದರೆ ನಿಮ್ಮ ಹಕ್ಕೇನು? ನಿಮ್ಮ ಜಾಗಕ್ಕೆ ಬೆಕ್ಕು ಬರದಂತೆ ತಡೆಯಲು ಯಾರ ಅಪ್ಪಣೆಯೂ ಬೇಡ. ಓಡಿಸಬಹುದು, ಕಲ್ಲೆಸೆಯುವ ಹಾಗಿಲ್ಲ. ಬೆಕ್ಕು ಹುಡುಕುವುದು ಸಡಿಲವಾದ ಒಣ ಮಣ್ಣನ್ನು. ಬಿತ್ತಿದ ಕೂಡಲೇ ಮಡಿಯ ಮೇಲೆ ಕೋಳಿ ಜಾಲರಿ ಹಾಸಿ ತೆಳ್ಳಗೆ ಮಣ್ಣು ಎಳೆಯಿರಿ: ಸಸಿ ಮೇಲೆ ಬರುತ್ತದೆ, ಪಂಜ ಒಳಗೆ ಹೋಗುವುದಿಲ್ಲ. ಖಾಲಿ ಜಾಗಕ್ಕೆ ತೆಂಗಿನ ಸಿಪ್ಪೆ, ಜಲ್ಲಿ. ಮನೆ ಕಟ್ಟುತ್ತಿದ್ದರೆ ಮರಳಿನ ರಾಶಿಗೆ ಟಾರ್ಪಾಲು. ಗೋಡೆಯ ಮೇಲೆ ಬಲೆ ಹಾಕಬಹುದು, ಆದರೆ ಅದು ನಿಮ್ಮ ಗಡಿಯೊಳಗಿರಬೇಕು. ಒಂದು ಗೇಣು ಆಚೆ ಬಾಗಿದರೂ ಬೆಕ್ಕಿನ ತಂಟೆ ಗಡಿ ತಂಟೆಯಾಗುತ್ತದೆ. ಹೊಲಸನ್ನು ಆಯಾ ದಿನವೇ ತೆಗೆಯಿರಿ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಅದರಲ್ಲಿದ್ದರೆ ಸೋಂಕು ಹರಡುವ ಹಂತ ತಲುಪಲು ಅದಕ್ಕೆ ಒಂದರಿಂದ ಐದು ದಿನ ಬೇಕು. ಬಸುರಿಯರು ಆ ಮಣ್ಣನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ.

ಇನ್ನು ದೂರು. ದನ, ಕುರಿ ಹೊಲಕ್ಕೆ ನುಗ್ಗಿದರೆ ದೊಡ್ಡಿಗೆ ಹೊಡೆಯುವ ಕಾನೂನಿದೆ; ಬೆಕ್ಕಿಗೆ ಅದು ಅನ್ವಯಿಸುವುದಿಲ್ಲ. ಬೆಕ್ಕು ಸಾಕಿದ್ದೋ ಬೀದಿಯದೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ತಾರೀಖು ಬರುವಂತೆ ಫೋಟೋ ತೆಗೆದಿಡಿ. ಸಾಕಿದ್ದಾದರೆ ಮನೆಯವರೊಂದಿಗೆ ಮಾತಾಡಿ. ಮರಳು ತುಂಬಿದ ಒಂದು ತಟ್ಟೆ ಅವರ ಮನೆಯಲ್ಲಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಕೇಳದಿದ್ದರೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಿಡಿದು ಬೈಯಬೇಡಿ, ಅದು ಮಾನಹಾನಿ ಕೇಸಾಗುತ್ತದೆ. ಬೀದಿ ಬೆಕ್ಕಿಗೆ ಅನ್ನ ಹಾಕುವವರಿಗೆ ಬೆದರಿಕೆ ಹಾಕುವುದೂ ಬೇಡ. ಅನ್ನ ಹಾಕುವುದು ಅಪರಾಧವಲ್ಲ, ಬೆದರಿಕೆ ಅಪರಾಧ.

ಒಂದೇ ಮನೆಯಲ್ಲಿ ಹತ್ತಾರು ಬೆಕ್ಕು ಕೂಡಿ ಇಡೀ ಬೀದಿ ನಾರುತ್ತಿದ್ದರೆ ಮಾತು ಬೇರೆ. ಅದು ಸಾರ್ವಜನಿಕ ಉಪದ್ರವ. ನಗರಸಭೆಯಾದರೆ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ, ಹಳ್ಳಿಯಾದರೆ ಪಿಡಿಒಗೆ ಅರ್ಜಿ ಕೊಡಿ. ನಾಲ್ಕಾರು ಮನೆಯವರ ಸಹಿ ಇರಲಿ; ಒಬ್ಬರದೇ ಸಹಿ ಇದ್ದರೆ ‘ಇದು ನಿಮ್ಮಿಬ್ಬರ ಜಗಳ’ ಎಂದು ಬದಿಗಿಡುತ್ತಾರೆ. ಟಪಾಲು ವಿಭಾಗದಲ್ಲಿ ಎರಡನೆಯ ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ‘ಬೆಕ್ಕಿಗೆಲ್ಲ ಅರ್ಜಿನಾ?’ ಎಂದು ನಗುವ ಗುಮಾಸ್ತರು ಇದ್ದೇ ಇರುತ್ತಾರೆ. ಅರ್ಜಿ ಪಡೆಯುವುದು ಅವರ ಕೆಲಸ, ಕೊಡುವುದು ನಿಮ್ಮ ಹಕ್ಕು. ಆ ನಗುವಿಗೆ ನಾಚಿ ಎದ್ದು ಬಂದವರೇ ಮುಂದೆ ಪಾಷಾಣದ ಅಂಗಡಿಗೆ ಹೋಗುವುದನ್ನು ಕಂಡು ನನಗೆ ಸಿಟ್ಟು ಬಂದಿದೆ. ಕ್ರಮ ಏನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮೀರಿದರೆ ಅದೇ ನೆಪದಲ್ಲಿ ವಾಪಸು ಕಳಿಸುತ್ತಾರೆ.

ಪೊಲೀಸರು? ಉಪದ್ರವಕ್ಕೆ ಇರುವುದು 1000 ರೂಪಾಯಿವರೆಗಿನ ದಂಡ. ಅದು ಅಸಂಜ್ಞೇಯ ಅಪರಾಧ. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಕಲಂ 325 ಹಾಗಲ್ಲ, ನೇರವಾಗಿ ಎಫ್‌ಐಆರ್. ನಿಮ್ಮ ದೂರಿಗೆ ಬರದ ಜೀಪು ಪಕ್ಕದವರ ದೂರಿಗೆ ಬರುವುದಕ್ಕೆ ಕಾರಣ ಯಾವಾಗಲೂ ಪಕ್ಷಪಾತವಲ್ಲ, ಕಾನೂನಿರುವುದೇ ಹಾಗೆ.

ಈಗಾಗಲೇ ಕೈ ಮೀರಿದ್ದರೆ ಎರಡು ಮಾತು. ಜಾಮೀನು ಸಿಗುವ ಅಪರಾಧವಿದು, ಹೆದರಿ ಊರು ಬಿಡಬೇಡಿ; ಠಾಣೆಯ ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ಮತ್ತು ‘ರಾಜಿ ಮಾಡಿಸ್ತೀವಿ, ತಪ್ಪಾಯ್ತು ಅಂತ ಬರೆದುಕೊಡಿ’ ಎಂದು ಬಡಾವಣೆಯ ಹಿರಿಯರು ಕೂತಾಗ ಬರೆದುಕೊಡಬೇಡಿ. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪನ್ನು ಕೋರ್ಟು ಸಾಕ್ಷಿಯಾಗಿ ಹಿಡಿಯುವುದಿಲ್ಲ. ಹಿರಿಯರಿಗೆ ಬರೆದುಕೊಟ್ಟ ಚೀಟಿಯನ್ನು ಹಿಡಿಯಬಹುದು. ಠಾಣೆಯ ಮುಚ್ಚಳಿಕೆಯನ್ನೂ ಓದದೆ ಸಹಿ ಮಾಡಬೇಡಿ.

ರಾಜಿ ಬೇಕೆಂದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದರೆ ದಾವೆ ಹೂಡುವ ಮೊದಲೇ ಲೋಕ್ ಅದಾಲತ್ತಿಗೆ ಇಬ್ಬರನ್ನೂ ಕರೆಸುತ್ತಾರೆ, ಕೋರ್ಟ್ ಫೀ ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ, ಸಹಾಯವಾಣಿ 15100. ಆದರೆ ಅಲ್ಲಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ‘ಇನ್ನು ಬೆಕ್ಕು ಬರಕೂಡದು’ ಎಂದು ಬರೆಸಬೇಡಿ, ಅದನ್ನು ಯಾರೂ ಪಾಲಿಸಲಾರರು. ಯಾವ ತಾರೀಖಿನೊಳಗೆ ಬಲೆ, ಖರ್ಚಿನಲ್ಲಿ ಯಾರ ಪಾಲು ಎಷ್ಟು, ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಯಾವ ತಿಂಗಳೊಳಗೆ ಮಾಡಿಸಬೇಕು, ಇಷ್ಟನ್ನು ಒಂದೊಂದಾಗಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.