ಕೂಗುವ ಮೊದಲು ಒಂದು ಲೋಟ ನೀರು ಕುಡಿಯಿರಿ

ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಅಂಗಳದಲ್ಲಿ ಹರಕೆಯ ಸಾಮಾನು ಹರಾಜಿಗೆ ಬರುತ್ತಿತ್ತು. ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ. ಯಾರು ನಿಜವಾಗಿ ಕೊಳ್ಳಲು ಬಂದವರು, ಯಾರು ಸುಮ್ಮನೆ ಬೆಲೆ ಏರಿಸಲು ನಿಂತವರು ಎಂಬುದು ಮುಖ ನೋಡಿದರೇ ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಹರಾಜು ಮೊಬೈಲಿನೊಳಗೆ ಬಂದಿದೆ. ಕೂಗುವವರ ಮುಖವೂ ಕಾಣದು, ದನಿಯೂ ಕೇಳದು. ಹಳೆ ನಾಣ್ಯಗಳ ಆಸೆಗೆ ಬಿದ್ದು ನಾನು ಎಷ್ಟೋ ವರ್ಷ ಹೀಗೆ ಕೂಗಿದ್ದೇನೆ. ಗೆದ್ದು ಸೋತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾಣ್ಯಕ್ಕೆ ಹೇಳಿದ್ದು ಅಂಚೆಚೀಟಿಗೂ, ಕೈಗಡಿಯಾರಕ್ಕೂ, ಹಿತ್ತಾಳೆ ದೀಪಕ್ಕೂ ಆಗುತ್ತದೆ. ನಿಮಗೆ ಗೊತ್ತಿಲ್ಲ ಅಂತಲ್ಲ, ಹೊತ್ತಿಗೆ ಸರಿಯಾಗಿ ಮರೆಯುತ್ತೀರಿ. ಅದಕ್ಕೇ ಹೇಳುತ್ತಿದ್ದೇನೆ.

ಕೂಗುವ ಮೊದಲು

• ನಿಮ್ಮ ಕೊನೆಯ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಡಿ. ಪೆನ್ನಿನಲ್ಲೇ ಬರೆಯಿರಿ, ಅಳಿಸುವಂತಿರಬಾರದು. ಪೈಪೋಟಿ ಏರಿದಾಗ ಮನಸ್ಸು “ಇನ್ನೊಂದು ನೂರು ತಾನೇ” ಎನ್ನುತ್ತದೆ. ಚೀಟಿ ಹಾಗೆ ಮಾತು ಬದಲಿಸುವುದಿಲ್ಲ.

• ಮುಗಿದ ಹರಾಜುಗಳ ಬೆಲೆ ನೋಡಿ. ಮಾರುವವರು ಕೇಳುವುದು ಅವರ ಆಸೆ, ಕೊಂಡವರು ಕೊಟ್ಟದ್ದೇ ನಿಜವಾದ ಬೆಲೆ. ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ತೋರಿಸುವ ಆಯ್ಕೆ ಇದೆ. ಕೊನೇಪಕ್ಷ ನಾಲ್ಕೈದು ಮಾರಾಟ ನೋಡದೆ ಬೆಲೆ ಕಟ್ಟಬೇಡಿ.

• ಕೂಗಿದ ಬೆಲೆಯ ಮೇಲೆ ಬೀಳುವ ಖರ್ಚನ್ನೂ ಕೂಡಿಸಿ. ನಾಣ್ಯ 4,000ಕ್ಕೆ ನಿಂತಿತು ಅನ್ನಿ. ಹರಾಜು ಸಂಸ್ಥೆಯ ಕಮಿಷನ್ ಶೇಕಡಾ 15 ಇದ್ದರೆ 600, ಅಂಚೆಗೆ 150. ಅಲ್ಲಿಗೆ 4,750 ಆಯಿತು, ಜಿಎಸ್‌ಟಿ ಇನ್ನೂ ಬಾಕಿ. ಚೀಟಿಯಲ್ಲಿ ಬರೆಯಬೇಕಾದದ್ದು ಎಲ್ಲ ಸೇರಿದ ಮೊತ್ತ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟಕ್ಕೆ ಕೂಗಬಹುದು ಎಂದು ನೋಡಿ.

• ಹೊರದೇಶದಿಂದ ತರಿಸುವುದಾದರೆ ಇನ್ನೂ ಜೋಪಾನ. ಇಬೇಯ ಭಾರತದ ತಾಣ 2018ರ ಆಗಸ್ಟ್‌ನಲ್ಲೇ ಮುಚ್ಚಿತು. ಈಗ ಅಲ್ಲಿ ಕೊಂಡದ್ದು ಹೆಚ್ಚಾಗಿ ಕಡಲು ದಾಟಿಯೇ ಬರುತ್ತದೆ. ಡಾಲರ್ ಬದಲಾಯಿಸಲು ಬ್ಯಾಂಕ್ ಹಾಕುವ ಶುಲ್ಕ, ಕಸ್ಟಮ್ಸ್ ಸುಂಕ, ಅಂಚೆ ಎಲ್ಲ ಸೇರಿದರೆ ಅಗ್ಗದ್ದು ಅಗ್ಗವಾಗಿ ಉಳಿಯುವುದಿಲ್ಲ.

• ತೂಕ ಮತ್ತು ಅಳತೆ ಕೇಳಿ. ವಿಕ್ಟೋರಿಯಾ ರಾಣಿಯ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. ಸವೆದದ್ದಾದರೆ ಸ್ವಲ್ಪ ಕಡಿಮೆ ಬರಬಹುದು. ಒಂಬತ್ತು ಗ್ರಾಂ ತೂಗಿದರೆ ಅದು ಸವಕಲಲ್ಲ, ಮೋಸ. ತೂಕ ಹೇಳಲು ತಡವರಿಸುವವರ ಹತ್ತಿರ ಕೊಳ್ಳಬೇಡಿ.

• ಅಯಸ್ಕಾಂತದ ಪರೀಕ್ಷೆಯನ್ನು ತಿಳಿದು ಮಾಡಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ 1947ರ ರೂಪಾಯಿ ನಿಕ್ಕಲ್‌ನದು, ಅದು ಅಂಟಿಯೇ ಅಂಟುತ್ತದೆ. ಅಂಟಿತೆಂದು ಒಳ್ಳೆಯ ನಾಣ್ಯವನ್ನು ಖೋಟಾ ಅನ್ನಬೇಡಿ.

• 1818 ಎಂದು ಬರೆದು ರಾಮ ದರ್ಬಾರ್ ಅಥವಾ ಹನುಮಂತನ ಚಿತ್ರ ಹಾಕಿದ “ಈಸ್ಟ್ ಇಂಡಿಯಾ ಕಂಪನಿ ನಾಣ್ಯ”ಕ್ಕೆ ಸಾವಿರಗಟ್ಟಲೆ ಕೊಡಬೇಡಿ. ಅವು ಕಂಪನಿ ಚಲಾವಣೆಗೆ ತಂದ ನಾಣ್ಯಗಳಲ್ಲ, ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ಇಷ್ಟವಾದರೆ ದೇವರ ಕೋಣೆಯಲ್ಲಿ ಇಡಲು ನೂರಿನ್ನೂರಕ್ಕೆ ಕೊಳ್ಳಿ. ಅದರಾಚೆಗೆ ಬೇಡ.

• ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ದೀಪಗಳು 1972ರ ಕಾಯಿದೆಯಂತೆ ಪ್ರಾಚ್ಯವಸ್ತುಗಳು. ಅವನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಉಡುಗೊರೆ ಎಂದುಕೊಂಡು ಪಾರ್ಸೆಲ್ ಮಾಡಬೇಡಿ. ಕಾಗದಪತ್ರವಿಲ್ಲದ ಹಳೆ ವಿಗ್ರಹ ಹರಾಜಿಗೆ ಬಂದರೆ ಕೈ ಹಚ್ಚಲೂ ಬೇಡಿ. ಅದು ಯಾವ ಗುಡಿಯಿಂದ ಕದ್ದದ್ದೋ.

ಕೂಗುವಾಗ

• ಗರಿಷ್ಠ ಬೆಲೆಯನ್ನು ಒಂದೇ ಸಲ ಹಾಕಿ. ಹೆಚ್ಚಿನ ಕಡೆ ಯಂತ್ರವೇ ನಿಮ್ಮ ಪರವಾಗಿ ಹಂತ ಹಂತವಾಗಿ ಏರಿಸುತ್ತದೆ. ನೀವು 5,000 ಹಾಕಿದ್ದೀರಿ, ಇನ್ನೊಬ್ಬರು 3,100ಕ್ಕೆ ನಿಂತರು, ಹಂತ ನೂರು ರೂಪಾಯಿ ಅನ್ನಿ. ನೀವು ಕೊಡುವುದು 3,200 ಮಾತ್ರ. ಐದು ಸಾವಿರ ಹಾಕಿದರೆ ಐದೂ ಹೋಯಿತೆಂದು ಹೆದರಿ, ಐವತ್ತೈವತ್ತು ಏರಿಸುತ್ತಾ ರಾತ್ರಿಯೆಲ್ಲ ಕೂರಬೇಡಿ. ಹಾಗೆ ಚೂರು ಚೂರು ಏರಿಸುವವರೇ ಕೊನೆಗೆ ಮಿತಿ ದಾಟುವುದು.

• ದುಂಡು ಮೊತ್ತ ಬಿಡಿ. 5,000ದ ಬದಲು 5,060 ಹಾಕಿ. ಎಲ್ಲರ ಮನಸ್ಸೂ ಐದು ಸಾವಿರಕ್ಕೇ ನಿಲ್ಲುತ್ತದೆ, ಇಬ್ಬರು ಒಂದೇ ಮೊತ್ತ ಹಾಕಿದರೆ ಮೊದಲು ಹಾಕಿದವರಿಗೇ ವಸ್ತು ಹೋಗುತ್ತದೆ. ಅರವತ್ತು ರೂಪಾಯಿಗೆ ಕೈತಪ್ಪಿಸಿಕೊಳ್ಳಬೇಡಿ.

• ಹರಾಜು ಹೇಗೆ ಮುಗಿಯುತ್ತದೆ ಎಂಬ ನಿಯಮ ಮೊದಲೇ ಓದಿ. ಇಬೇಯಂತಹ ಕಡೆ ಗಂಟೆ ಹೊಡೆದರೆ ಮುಗಿಯಿತು. ಅಲ್ಲಿ ಕೊನೆಯ ಹತ್ತು ಸೆಕೆಂಡಿನಲ್ಲಿ ಕೂಗಿದರೆ ಎದುರಾಳಿಗೆ ಮತ್ತೆ ಏರಿಸಲು ಹೊತ್ತಿರುವುದಿಲ್ಲ. ಕೆಲವು ಕಡೆ ಕೊನೆಯಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿ ಮುಂದೆ ಹೋಗುತ್ತದೆ. ಅಲ್ಲಿ ಕಾದು ಕೂತು ಲಾಭವಿಲ್ಲ.

• ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿ. ಮಾರುವವರು ಒಡೆಯರ್ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ತಪ್ಪಾಗಿ ಬರೆದ ಕಡೆ ಜನ ಕಡಿಮೆ, ಬೆಲೆಯೂ ಕಡಿಮೆ.

• ಒಂದೇ ಬೇಕಾದಾಗ ಎರಡು ಕಡೆ ಕೂಗಬೇಡಿ. ಎರಡೂ ಬಂದರೆ ಎರಡಕ್ಕೂ ದುಡ್ಡು ಕೊಡಬೇಕು. ಹರಾಜಿನಲ್ಲಿ ಕೂಗುವುದು ಮಾತು ಕೊಟ್ಟ ಹಾಗೆ.

• ನಿದ್ದೆಗಣ್ಣಲ್ಲಿ, ಸಿಟ್ಟಿನಲ್ಲಿ ಕೂಗಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ ತಾಮ್ರದ ನಾಣ್ಯವೊಂದಕ್ಕೆ ನಾನು ರಾತ್ರಿ ಹನ್ನೊಂದರವರೆಗೆ ಕೂಗಿದ್ದೆ. ಕನ್ನಡದ ಅಕ್ಷರ ಕಂಡರೆ ಸಾಕು, ನನಗೆ ಬಿಡಲಾಗುವುದಿಲ್ಲ. ನಾನು ಏರಿಸಿದಂತೆಲ್ಲ ಎದುರಿನವರೂ ಏರಿಸಿದರು, ಸೋಲಬಾರದೆಂದು ಹಟ ಬಂತು. 3,900ಕ್ಕೆ ಗೆದ್ದೆ. ಮುಂದಿನ ತಿಂಗಳು ಅದಕ್ಕಿಂತ ಚೆನ್ನಾಗಿ ಅಕ್ಷರ ಉಳಿದದ್ದು 1,200ಕ್ಕೆ ಹೋಯಿತು. ಅಂದಿನಿಂದ ಕೂಗುವ ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತೇನೆ. ನೀವೂ ಹಾಗೇ ಮಾಡಿ.

ಕಣ್ಣಿಡಬೇಕಾದ ಕಡೆ

• ಕೂಗಿನ ಪಟ್ಟಿ ತೆರೆದು ನೋಡಿ. ಹೆಸರು ಮುಚ್ಚಿದ್ದರೂ ನಡತೆ ಕಾಣುತ್ತದೆ. ಒಬ್ಬರೇ ಮಾರಾಟಗಾರರ ಸಾಮಾನಿಗೆ ಮಾತ್ರ ಮತ್ತೆ ಮತ್ತೆ ಕೂಗಿ, ಒಂದನ್ನೂ ಗೆಲ್ಲದ ಖಾತೆ ಇದ್ದರೆ ಅದು ಮಾರುವವರದೇ ಇನ್ನೊಂದು ಕೈ ಇರಬಹುದು. ಒಬ್ಬರ ಕೂಗುಗಳಲ್ಲಿ ಶೇಕಡಾ ಎಷ್ಟು ಇದೇ ಮಾರಾಟಗಾರರಿಗೆ ಎಂದು ತಾಣ ತೋರಿಸುವುದಾದರೆ ಅದನ್ನೂ ನೋಡಿ. ನೂರಕ್ಕೆ ನೂರು ಕಂಡರೆ ದೂರ ಸರಿಯಿರಿ.

• ಚಿಕ್ಕ ಚಿಕ್ಕ ಹಂತದಲ್ಲಿ ಪಟಪಟ ಏರಿಸಿ, ನಿಮ್ಮ ಮಿತಿಗೆ ತಾಗಿದೊಡನೆ ಕೂಗು ಹಿಂತೆಗೆದುಕೊಳ್ಳುವವರನ್ನು ಗಮನಿಸಿ. ಅವರಿಗೆ ವಸ್ತು ಬೇಕಿಲ್ಲ, ನಿಮ್ಮ ಜೇಬಿನಲ್ಲಿ ಎಷ್ಟಿದೆ ಎಂದು ತಿಳಿಯಬೇಕು. ಹಾಗೆ ಕಂಡರೆ ತಾಣಕ್ಕೆ ದೂರು ಕೊಡಿ.

• ಶುರುವಿಗೇ ಯಾರಾದರೂ ಆಕಾಶದಷ್ಟು ಬೆಲೆ ಹಾಕಿದರೆ ಆಸೆ ಬಿಡಬೇಡಿ, ಕೊನೆಯವರೆಗೂ ನೋಡಿ. ಉಳಿದವರನ್ನು ಹೆದರಿಸಿ ಓಡಿಸಿ, ಕೊನೆಗೆ ತಾನು ಹಿಂದೆ ಸರಿದು ಜೊತೆಗಾರನಿಗೆ ಅಗ್ಗಕ್ಕೆ ಕೊಡಿಸುವ ಆಟವೂ ಇದೆ.

• “ಅಟ್ಟದ ಮೇಲೆ ಸಿಕ್ಕಿತು, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ” ಎಂಬ ಕಥೆಗೆ ಕರಗಬೇಡಿ. 2000ದಲ್ಲಿ ಅಮೆರಿಕದ ಇಬೇಯಲ್ಲಿ ಗ್ಯಾರೇಜಿನಲ್ಲಿ ಬಿದ್ದಿದ್ದದ್ದೆಂದು ಒಂದು ವರ್ಣಚಿತ್ರ ಬಂತು. ರಿಚರ್ಡ್ ಡೀಬೆನ್‌ಕಾರ್ನ್ ಎಂಬ ಹೆಸರಾಂತ ಕಲಾವಿದರದೆಂದು ಜನ ನಂಬಿದರು. 25 ಸೆಂಟ್‌ಗೆ ಶುರುವಾದ ಕೂಗು 1,35,805 ಡಾಲರ್‌ಗೆ ಹೋಯಿತು. ಮಾರಿದವನೂ ಅವನ ಗೆಳೆಯರೂ ಒಬ್ಬರ ಸಾಮಾನಿಗೆ ಒಬ್ಬರು ಕೂಗುತ್ತಿದ್ದರೆಂದು ಆಮೇಲೆ ಹೊರಬಿತ್ತು. ಮಾರಾಟ ರದ್ದಾಯಿತು, ಕೇಸೂ ಆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

• ಹರಾಜು ಸೋತ ಮರುದಿನ “ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇವೆ” ಎಂಬ ಸಂದೇಶ ಬಂದರೆ ತಾಣದೊಳಗೇ ಹೋಗಿ ನೋಡಿ. ವಾಟ್ಸಾಪಿಗೋ ಈಮೇಲಿಗೋ ಬಂದ ಲಿಂಕ್ ಒತ್ತಬೇಡಿ. ನಿಜವಾದ ಸಂದೇಶವಾದರೂ ಯೋಚಿಸಿ. ಬೆಲೆ ಏರಿಸಲು ನಿಂತವರೇ ತಪ್ಪಿ ಗೆದ್ದುಬಿಟ್ಟಿರಬಹುದು.

• ಇವತ್ತಿನ ತಾರೀಕು ಬರೆದ ಕಾಗದದ ಪಕ್ಕ ವಸ್ತುವನ್ನಿಟ್ಟು ತೆಗೆದ ಫೋಟೊ ಕೇಳಿ. ನಿಜವಾಗಿ ಕೈಯಲ್ಲಿರುವವರಿಗೆ ಇದು ಎರಡು ನಿಮಿಷದ ಕೆಲಸ. ಬೇರೆಯವರ ಫೋಟೊ ಕದ್ದವರು ನೂರು ನೆಪ ಹೇಳುತ್ತಾರೆ.

• ಹಾಗಂತ ಎಲ್ಲರನ್ನೂ ಕಳ್ಳರೆನ್ನಬೇಡಿ. ಕೊನೆಯ ಗಳಿಗೆಯಲ್ಲಿ ಕೂಗಿ ಗೆದ್ದವರು ಮೋಸ ಮಾಡಿಲ್ಲ, ನಿಮಗಿಂತ ಎಚ್ಚರವಾಗಿದ್ದರು ಅಷ್ಟೇ.

• ಮಾರುವವರು ನೀವಾದರೆ ಭಾವಮೈದುನನ ಹತ್ತಿರ ಎರಡು ಕೂಗು ಹಾಕಿಸಬೇಡಿ. ಮನೆಯವರೇ ಅಂದರೂ ಅದು ಮೋಸವೇ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವುದಾದರೆ ಅದನ್ನೇ ಆರಂಭದ ಬೆಲೆಯಾಗಿ ಹಾಕಿ.

ಹಣ ಕೊಡುವಾಗ, ಪಾರ್ಸೆಲ್ ಬಂದಾಗ

• “ತಾಣದ ಹೊರಗೆ ಕೊಟ್ಟರೆ ಐನೂರು ಕಡಿಮೆ” ಎಂದರೆ ಒಪ್ಪಬೇಡಿ. ಆ ಐನೂರರ ಜೊತೆ ದೂರು ಕೊಡುವ ಹಕ್ಕೂ ಹೋಗುತ್ತದೆ.

• ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತುವುದು ದುಡ್ಡು ಹೋಗಲು ಮಾತ್ರ. “ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮ್ಮ ಖಾತೆಗೆ ಹಣ ಬರುತ್ತದೆ” ಎಂದವರ ಫೋನ್ ಅಲ್ಲೇ ಇಟ್ಟುಬಿಡಿ.

• ನಿಮ್ಮ ಹಳೆ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎಂದು ಕೇಳಿದರೆ ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ಹಳೆ ನೋಟು, ನಾಣ್ಯಗಳ ವ್ಯಾಪಾರ ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಅವರೇ ಪ್ರಕಟಣೆ ಕೊಟ್ಟು ಹೇಳಿದ್ದಾರೆ.

• ಪಾರ್ಸೆಲ್ ಒಡೆಯುವಾಗ ಶುರುವಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ಮೊಮ್ಮಗನ ಕೈಗೆ ಫೋನ್ ಕೊಟ್ಟು ಹಿಡಿಯಲು ಹೇಳಿ. ಒಳಗೆ ಬೇರೆಯದೇ ಬಂದಿದ್ದರೆ ಅದೊಂದೇ ಸಾಕ್ಷಿ.

• ಬಂದ ನಾಣ್ಯವನ್ನು ಹುಣಸೆಹಣ್ಣಿನಿಂದ ಉಜ್ಜಬೇಡಿ, ದಮ್ಮಯ್ಯ. ಪಾತ್ರೆ ಹೊಳೆದರೆ ಚೆಂದ. ನಾಣ್ಯ ಹಾಗೆ ಹೊಳೆದರೆ ಅದರ ಬೆಲೆ ಬೀಳುತ್ತದೆ.

• ಮೋಸ ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹೊತ್ತು ಕಳೆದಷ್ಟೂ ದುಡ್ಡು ಕೈಯಿಂದ ಕೈಗೆ ಹೋಗಿಬಿಡುತ್ತದೆ.

ಮನೆ, ನಿವೇಶನದ ಹರಾಜಾದರೆ

• ಸಾಲ ತೀರಿಸದ ಮನೆಯನ್ನು ಬ್ಯಾಂಕು ಆನ್‌ಲೈನ್ ಹರಾಜಿಗಿಟ್ಟಾಗ ಕೂಗುವ ಮೊದಲೇ ದುಡ್ಡು ಹೊಂದಿಸಿ. ಗೆದ್ದ ದಿನವೇ ಅಥವಾ ಮುಂದಿನ ಕೆಲಸದ ದಿನದೊಳಗೆ, ಮುಂಗಡ ಠೇವಣಿಯೂ ಸೇರಿ ಕಾಲು ಭಾಗ ಕಟ್ಟಬೇಕು. ಮಾರಾಟ ಖಾಯಂ ಆದ 15 ದಿನಕ್ಕೆ ಉಳಿದದ್ದು. ಬ್ಯಾಂಕು ಗಡುವು ವಿಸ್ತರಿಸದಿದ್ದರೆ, ತಪ್ಪಿದವರ ಹಣ ಮುಟ್ಟುಗೋಲು. ಆ ಕಾಲು ಭಾಗ ಪೂರ್ತಿ ಹೋಗಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆಮೇಲೆ ಸಾಲ ಸಿಗುತ್ತದೆಂದು ನಂಬಿ ಇಳಿಯಬೇಡಿ.

• ಜಾಹೀರಾತಿನಲ್ಲಿ “ಇದ್ದಲ್ಲಿ, ಇದ್ದಂತೆ” ಎಂದಿದ್ದರೆ ಖುದ್ದಾಗಿ ಹೋಗಿ ನೋಡಿ. ಬ್ಯಾಂಕಿನ ಕೈಯಲ್ಲಿ ಬೀಗವಿದೆಯೋ, ಬರೀ ಕಾಗದವಿದೆಯೋ ಕೇಳಿ. ಒಳಗೆ ಸಂಸಾರವಿದ್ದರೆ ಬಿಡಿಸುವ ಪಾಡು ನಿಮ್ಮ ಪಾಲಿಗೆ ಬರಬಹುದು. ಬಾಕಿ ತೆರಿಗೆ, ಕರೆಂಟು ಬಿಲ್ಲು ವಿಚಾರಿಸಿ, ವಕೀಲರಿಗೆ ಒಮ್ಮೆ ತೋರಿಸಿ. ಅವರಿಗೆ ಕೊಡುವ ಫೀಸು ದಂಡವಲ್ಲ.

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳಿ. ಬೆಲೆ ಕಟ್ಟುವುದು ನೀವು, ಅದೂ ಮನಸ್ಸು ತಣ್ಣಗಿರುವಾಗ. ಬೆಲೆ ಏರಿಸಲು ನಿಂತವರಿರಲಿ, ನಿಜವಾದ ಎದುರಾಳಿ ಇರಲಿ, ನಿಮ್ಮ ಮಿತಿಗೆ ನಿಂತರೆ ಯಾರೂ ನಿಮ್ಮಿಂದ ಹೆಚ್ಚು ಕೀಳಲಾರರು. ಕೈತಪ್ಪಿದ ನಾಣ್ಯದಂಥದ್ದು ಇನ್ನೊಂದು ಬಂದೇ ಬರುತ್ತದೆ, ನನ್ನ ಡಬ್ಬಿಯಲ್ಲಿರುವ ಅರ್ಧ ನಾಣ್ಯಗಳು ಹಾಗೆ ಎರಡನೇ ಸಲಕ್ಕೆ ಬಂದವೇ. ಈಗ ಎದ್ದು ಹೋಗಿ ಚೀಟಿ, ಪೆನ್ನು ತನ್ನಿ. ಬರೆದಿಟ್ಟ ಮೇಲೆಯೇ ಮೊಬೈಲು ಕೈಗೆತ್ತಿಕೊಳ್ಳಿ.