ಅತಿಥಿಗೃಹವೂ ನೆರೆಮನೆಯೂ

ಪ್ರವಾಸಿಗರಿಗೆ ಮನೆಯನ್ನು ದಿನಬಾಡಿಗೆಗೆ ಕೊಡುವುದು ಇಂದು ಅನೇಕರ ಜೀವನೋಪಾಯವಾಗಿದೆ. ಸಮುದ್ರತೀರದ ಗೋಕರ್ಣದಲ್ಲಿಯೂ ಕೊಡಗಿನಲ್ಲಿಯೂ ಇದನ್ನು ಕಾಣುತ್ತೇವೆ. ಲಾಭವು ಮನೆಯೊಡೆಯನದು; ನಡುರಾತ್ರಿಯ ಗದ್ದಲ, ಕಸ, ನೀರಿನ ಅಭಾವಗಳು ನೆರೆಯವರ ಪಾಲು. ವಿರಸದ ಮೂಲವಿದೇ. ಕಡಲತೀರದ ಬಾರ್ಸಿಲೋನಾ ನಗರದಲ್ಲಿ ನಿವಾಸಿಗಳಿಗೇ ಬಾಡಿಗೆಮನೆ ದುರ್ಲಭವಾಗಲು, ಸುಮಾರು 10,000 ಪ್ರವಾಸಿ ವಸತಿಗಳ ಪರವಾನಗಿಯನ್ನು 2028ರೊಳಗೆ ಕೊನೆಗೊಳಿಸುವುದಾಗಿ ನಗರಾಡಳಿತವು 2024ರಲ್ಲಿ ಸಾರಿತು.

ನಮಗೆ ಸಮೀಪದ ಉದಾಹರಣೆಯೂ ಉಂಟು. 1953ರವರೆಗೆ ನಮ್ಮ ರಾಯದುರ್ಗವೂ ಹಂಪೆಯೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅದರೆದುರು ತುಂಗಭದ್ರೆಯ ಆಚೆಗಿರುವ ವಿರೂಪಾಪುರಗಡ್ಡೆಯ ಕೃಷಿಭೂಮಿಯಲ್ಲಿ, ಬೇಕಾದ ಅನುಮತಿಯಿಲ್ಲದೆ ಅತಿಥಿಗೃಹಗಳು ತಲೆಯೆತ್ತಿದವು. ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿಯಿತು; ಮಾರ್ಚಿಯಲ್ಲಿ ಅವು ನೆಲಸಮವಾದವು. ಹಾಕಿದ ಹಣವೂ ಹೋಯಿತು, ಅಲ್ಲಿ ದುಡಿಯುತ್ತಿದ್ದವರ ಅನ್ನವೂ ಹೋಯಿತು.

ವಿದ್ಯಾರ್ಥಿಗಳೇ, ನಿಯಮವು ತಡವಾಗಿ ಜಾರಿಗೆ ಬಂದಷ್ಟೂ ನಷ್ಟ ಹೆಚ್ಚು. ಅತಿಥಿಸತ್ಕಾರವು ನಮ್ಮ ಧರ್ಮವೇ ಸರಿ. ಆದರೆ ಅತಿಥಿಯು ನಾಲ್ಕು ದಿನವಿದ್ದು ಹೋಗುವವನು, ನೆರೆಯವನು ಬಾಳಿಗೆಲ್ಲ ಜೊತೆಯಿರುವವನು. ಪಾಲಕರೂ ಇದನ್ನು ಗಮನಿಸಲಿ: ಅಸ್ತಿವಾರಕ್ಕೆ ಮೊದಲು ಪಂಚಾಯಿತಿಯ ಅನುಮತಿ, ಅತಿಥಿಗೆ ಮೊದಲು ನೆರೆಯವರೊಡನೆ ಒಂದು ಮಾತು. ಇಷ್ಟಾದರೆ ವಿರಸಕ್ಕೆ ಎಡೆ ಕಡಿಮೆ.